ತೀರ್ಥಹಳ್ಳಿಗೆ ಹೊಸಬ, ಸಂಜೆಯಿಡೀ ಸಿನಿಮಾ. ನೀವೆಲ್ಲ ಏನು ಮಾಡಿದಿರಿ?

ನಾನು ಬಳ್ಳಾರಿಯವನು. ಜೂನ್‌ನಲ್ಲಿ ಬ್ಯಾಂಕ್ ಕೆಲಸದ ಮೇಲೆ ತೀರ್ಥಹಳ್ಳಿಗೆ ವರ್ಗವಾಗಿ ಬಂದೆ. ಅಡಿಕೆ ತೋಟದವರ ಮನೆಯಲ್ಲಿ ಮಹಡಿ ಮೇಲಿನ ರೂಮ್, ಒಬ್ಬನೇ. ಸಂಜೆ ಹೊರಗೆ ಹೋಗೋಣ ಅಂದರೆ ಮಳೆ ಬಿಡುವುದಿಲ್ಲ, ಪರಿಚಯದವರೂ ಇಲ್ಲ. ಊಟ ಮಾಡುತ್ತಾ ಒಂದು ಸಿನಿಮಾ, ಮಲಗುವ ಮೊದಲು ಇನ್ನೊಂದು. ಈಗೀಗ ಯಾವ ಕಥೆ ಯಾವುದರದ್ದು ಅಂತಲೇ ನೆನಪಿರಲ್ಲ. ಅರ್ಧಕ್ಕೆ ಕರೆಂಟು ಬೇರೆ ಹೋಗುತ್ತದೆ. ಹೊರಗಿನಿಂದ ಮಲೆನಾಡಿಗೆ ಬಂದವರು ಈ ಹೊತ್ತನ್ನು ಹೇಗೆ ಕಳೆದಿರಿ? ಸಿನಿಮಾ ಬಿಡಿ ಅಂತ ಮಾತ್ರ ಹೇಳಬೇಡಿ.

ಸಾಗರದಲ್ಲಿರುವ ಮೇಷ್ಟ್ರು, ಊರು ವಿಜಯಪುರ:
ಬಿಡಬೇಡಿ. ಆದರೆ ಸ್ವಲ್ಪ ದಿನ ನೀವಿರುವ ಸೀಮೆಯ ಸಿನಿಮಾಗಳನ್ನೇ ನೋಡಿ. ಗಿರೀಶ್ ಕಾಸರವಳ್ಳಿ ಹುಟ್ಟಿದ್ದು ನಿಮ್ಮ ತಾಲ್ಲೂಕಿನ ಕೆಸಲೂರಿನಲ್ಲಿ. ಯು.ಆರ್. ಅನಂತಮೂರ್ತಿ ಮೇಳಿಗೆಯವರು, ಅದೂ ಅಲ್ಲೇ. ಅವರ ಕಾದಂಬರಿಯಿಂದ 1970ರಲ್ಲಿ ಬಂದ ‘ಸಂಸ್ಕಾರ’ ಚಿತ್ರೀಕರಣವಾಗಿದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ರಜೆಯ ದಿನ ಹೋಗಿ ಬರುವಷ್ಟೇ ದೂರ.

ನಾನು ಶುರು ಮಾಡಿದ್ದು ‘ದ್ವೀಪ’ದಿಂದ. ಸಾಗರದ ನಾ. ಡಿಸೋಜ ಅವರ ಕಾದಂಬರಿ, ಕಾಸರವಳ್ಳಿ ಅವರ 2002ರ ಸಿನಿಮಾ, ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರ ಪ್ರಶಸ್ತಿ ಸ್ವರ್ಣ ಕಮಲ ಬಂದಿದೆ. ಅಣೆಕಟ್ಟಿನ ನೀರು ಏರುತ್ತಾ ಬಂದರೂ ಗುಡ್ಡದ ಮೇಲಿನ ಮನೆ ಬಿಡದ ಒಂದು ಕುಟುಂಬದ ಕಥೆ. ಸಿನಿಮಾ ತುಂಬಾ ಮಳೆ, ಹೊರಗೂ ಮಳೆ! ಮರುದಿನ ಸ್ಟಾಫ್ ರೂಮಿನಲ್ಲಿ ಸುಮ್ನೆ ‘ನಿನ್ನೆ ದ್ವೀಪ ನೋಡಿದೆ’ ಅಂದೆ. ಅಲ್ಲಿವರೆಗೆ ‘ಊಟ ಆಯ್ತಾ ಸರ್’ ಬಿಟ್ಟು ಬೇರೆ ಮಾತಾಡದ ಗುಮಾಸ್ತರು ಕುರ್ಚಿ ಎಳೆದುಕೊಂಡು ಕೂತರು. ಅವರ ಅಜ್ಜನ ಗದ್ದೆ, ಮನೆ ಎಲ್ಲ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಹೋಗಿದ್ದಂತೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಅವರು ಹುಟ್ಟಿದ್ದೇ ಆಮೇಲೆ. ಆದರೂ ಯಾವ ಗದ್ದೆ ಎಲ್ಲಿತ್ತು ಅಂತ ಮೇಜಿನ ಮೇಲೆ ಬೆರಳಲ್ಲೇ ಗೆರೆ ಎಳೆದು ತೋರಿಸಿದರು. ಮುಂದಿನ ಭಾನುವಾರ ಅವರ ಜೊತೆಗೇ ಆ ಹಿನ್ನೀರಿನ ದಡದ ಹೊಳೆಬಾಗಿಲಿಗೆ ಹೋದೆ. ಆಗಿನ್ನೂ ಲಾಂಚಿನಲ್ಲಿ ದಾಟಬೇಕಿತ್ತು, 2025ರಿಂದ ಸೇತುವೆ ಆಗಿದೆ.

ಸಾಗರದ ಹತ್ತಿರದ ಹೆಗ್ಗೋಡೂ ನಿಮ್ಮ ಪಟ್ಟಿಯಲ್ಲಿರಲಿ. 1949ರಲ್ಲಿ ಅಲ್ಲಿ ಶುರುವಾದ ನಾಟಕ ಸಂಸ್ಥೆ ನೀನಾಸಂ 1973ರಲ್ಲಿ ಚಿತ್ರಸಮಾಜ, ಅಂದರೆ ಫಿಲ್ಮ್ ಸೊಸೈಟಿ ಕಟ್ಟಿತು. ಅದರ ಸ್ಥಾಪಕ ಕೆ.ವಿ. ಸುಬ್ಬಣ್ಣನವರು ಹಳ್ಳಿಯ ಜನರಿಗೆ ಹೊರದೇಶದ ಸಿನಿಮಾ ತೋರಿಸಿದ್ದು ಹಾಗೆ. ಈಗ ಅಲ್ಲಿ ನಾಟಕವೇ ಜಾಸ್ತಿ. ತಿರುಗಾಟದ ನಾಟಕ ನಿಮ್ಮ ಕಡೆ ಬಂದರೆ ತಪ್ಪಿಸಬೇಡಿ.

ಕೊಪ್ಪದವನು, ಡಿಶ್ ಮತ್ತು ನೆಟ್ ಕೆಲಸ:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಕರೆಂಟಿಲ್ಲದೆ ಯಾವ ಸಿನಿಮಾನೂ ಓಡಲ್ಲ ಮಾರಾಯ್ರೇ. ಜೋರು ಮಳೆಗೆ ಡಿಶ್ ಸಿಗ್ನಲ್ ಹೋಗೇ ಹೋಗುತ್ತದೆ, ಯಾವ ಕಂಪನಿಯದಾದರೂ ಅಷ್ಟೇ. ನಿಮ್ಮ ರಸ್ತೆಗೆ ಫೈಬರ್ ಬಂದಿದ್ದರೆ ಹಾಕಿಸಿಕೊಳ್ಳಿ. ಕರೆಂಟು ಹೋದಾಗ ಎಷ್ಟೋ ಸಲ ಲೈನು ಸರಿಯಾಗೇ ಇರುತ್ತದೆ, ರೂಟರ್ ಮಾತ್ರ ಆಫ್ ಆಗಿರುತ್ತದೆ. ರೂಟರಿಗೆ ಅಂತಲೇ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ಒಂದು ಸಿನಿಮಾ ಮುಗಿಯುವಷ್ಟು ಹೊತ್ತು ಎಳೆಯುತ್ತದೆ. ಮರ ಬಿದ್ದು ಕೇಬಲ್ಲೇ ಹರಿದರೆ ಮಾತ್ರ ನಮಗಾಗಿ ಕಾಯಬೇಕು.

ಬೆಳಿಗ್ಗೆ ನೆಟ್ ಚೆನ್ನಾಗಿರುವಾಗ ಡೌನ್‌ಲೋಡ್ ಮಾಡಿಡಿ. ಫೋನಿನಲ್ಲಿ ನೋಡುವುದಾದರೆ ಕಡಿಮೆ ಕ್ವಾಲಿಟಿ ಸಾಕು. ಕೆಲವು ಸಿನಿಮಾಗಳಿಗೆ ಒಮ್ಮೆ ಶುರು ಮಾಡಿದರೆ 48 ಗಂಟೆಯೊಳಗೆ ಮುಗಿಸಬೇಕೆಂಬ ನಿಯಮ ಇರುತ್ತದೆ, ನೋಡಿಕೊಳ್ಳಿ. ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ಗೇ ಕೀಳಿ, ಡಿಶ್ ವೈರನ್ನೂ ಬಿಚ್ಚಿ. ಇಲ್ಲಿ ಟಿವಿ ಹಳೆಯದಾಗುವ ಮೊದಲೇ ಸಿಡಿಲಿಗೆ ಹೋಗಿರುತ್ತದೆ.

ಶಿವಮೊಗ್ಗದಿಂದ, ನರ್ಸ್:
ನನಗೆ ಬೇರೆ ಅನ್ನಿಸುತ್ತೆ. ಹೊಸ ಊರಲ್ಲಿ ಮೊದಲ ಮಳೆಗಾಲ ಹೇಗೋ ಕಳೆದರೆ ಸಾಕು. ಎರಡು ಸಿನಿಮಾ ನೋಡಿದರೆ ಯಾರಿಗೇನು ನಷ್ಟ? ನಿದ್ದೆ ಕೆಡಿಸಿಕೊಳ್ಳಬೇಡಿ, ಅಷ್ಟೇ.

ಹೊಸನಗರ ತಾಲ್ಲೂಕಿನ ಗೃಹಿಣಿ, ತವರು ಮಂಡ್ಯ:
ತಮ್ಮಾ, ನಾನು ಮದುವೆಯಾಗಿ ಬಂದಾಗ ಪಕ್ಕದ ಮನೆ ಅಂದರೆ ತೋಟ, ಹಳ್ಳ ದಾಟಿ ಹೋಗಬೇಕಿತ್ತು. ಮಂಡ್ಯದಲ್ಲಿ ಬಾಗಿಲು ತೆಗೆದರೆ ಜನ, ಇಲ್ಲಿ ಬಾಗಿಲು ತೆಗೆದರೆ ಮಂಜು. ನನ್ನ ಒಂಟಿತನ ಬಿಡಿಸಿದ್ದು ಅಡಿಕೆ ಸುಲಿತ. ಕೊಯ್ಲು ಶುರುವಾದರೆ ರಾತ್ರಿ ಸುಲಿಯೋಕೆ ಸುತ್ತಲಿನವರೆಲ್ಲ ಸೇರುತ್ತಾರೆ. ನಮ್ಮ ಮನೆಯವರು ಟಿವಿಯನ್ನು ಜಗಲಿಗೆ ತಂದಿಡುತ್ತಿದ್ದರು. ಏನು ಹಾಕಬೇಕು ಅನ್ನುವ ಜವಾಬ್ದಾರಿ ನನ್ನದು. ಹಾಡು, ಹೊಡೆದಾಟ ಇರುವ ಹಳೆ ಸಿನಿಮಾ ಆದರೆ ಕಿವಿಯಲ್ಲೇ ಅರ್ಧ ನೋಡಬಹುದು. ಒಂದು ಸಲ ಮಲಯಾಳಂ ಸಿನಿಮಾ ಹಾಕಿದ್ದಕ್ಕೆ ಅತ್ತೆ, ‘ಅಕ್ಷರ ಓದ್ತಾ ಕೂತ್ರೆ ಮೆಟ್ಟುಗತ್ತಿಗೆ ಬೆರಳು ಕೊಡಬೇಕಾಗುತ್ತೆ’ ಅಂದರು. ಮೆಟ್ಟುಗತ್ತಿ ಅಂದರೆ ಅಡಿಕೆ ಸುಲಿಯುವ ಕತ್ತಿ.

ಕಾಸರವಳ್ಳಿಯವರದೇ ‘ಗುಲಾಬಿ ಟಾಕೀಸ್’ ಇದೆ, 2008ರದ್ದು, ವೈದೇಹಿಯವರ ಕಥೆ. ಸೂಲಗಿತ್ತಿ ಗುಲಾಬಿಯ ಮನೆಗೆ ಟಿವಿ, ಡಿಶ್ ಬರುತ್ತವೆ. ಅಲ್ಲಿವರೆಗೆ ಅವಳನ್ನು ದೂರ ಇಟ್ಟಿದ್ದ ಹೆಂಗಸರು ಸಿನಿಮಾ ನೋಡಲು ಬಂದು ಕೂರುತ್ತಾರೆ. ಉಮಾಶ್ರೀಗೆ ರಾಷ್ಟ್ರ ಪ್ರಶಸ್ತಿ ತಂದ ಪಾತ್ರ. ಕರಾವಳಿಯ ಕಥೆಯಾದರೂ ನನಗೆ ನಮ್ಮ ಜಗಲಿಯೇ ಕಂಡಿತು. ನಿಮ್ಮ ಓನರ್ ಮನೆಯಲ್ಲಿ ಸುಲಿತ ಇದ್ದರೆ ಸಂಕೋಚ ಬಿಟ್ಟು ಕೆಳಗಿಳಿದು ಕೂತುಕೊಳ್ಳಿ.

ಶಿವಮೊಗ್ಗದವನು:
ಆಗಾಗ ಒಂದು ಭಾನುವಾರ ಇಲ್ಲಿಗೆ ಬನ್ನಿ ಸರ್, ಅರವತ್ತು ಚಿಲ್ಲರೆ ಕಿಲೋಮೀಟರ್. ಬೆಳಿಗ್ಗೆ ಹೊರಟರೆ ದಾರಿಯಲ್ಲಿ ಮಂಡಗದ್ದೆ ಪಕ್ಷಿಧಾಮದ ಹಕ್ಕಿ, ಸಕ್ರೆಬೈಲು ಆನೆ ಬಿಡಾರದ ಆನೆ ಸ್ನಾನ ಎರಡೂ ಸಿಗುತ್ತವೆ. ಆಮೇಲೆ ಮ್ಯಾಟಿನಿ. ಸೆಕೆಂಡ್ ಶೋ ಆಸೆ ಬೇಡ, ಅಷ್ಟು ಹೊತ್ತಿಗೆ ವಾಪಸ್ ಬಸ್ಸಿನ ಭರವಸೆ ಇಲ್ಲ. ಥಿಯೇಟರಿನಲ್ಲಿ ಶಿಳ್ಳೆ ಹೊಡೆಯುವವರ ಮಧ್ಯೆ ಕೂತು ನೋಡಿದ ಸಿನಿಮಾ ಮರೆತುಹೋಗಲ್ಲ, ಚೆನ್ನಾಗಿಲ್ಲದಿದ್ದರೂ!

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ‘ದ್ವೀಪ’ ಹುಡುಕುತ್ತೇನೆ, ಯುಪಿಎಸ್ ಇವತ್ತೇ ತರುತ್ತೇನೆ. ಅಕ್ಕಾ, ಸುಲಿತ ಯಾವಾಗ ಶುರು? ನನಗೆ ಸುಲಿಯೋಕೆ ಬರಲ್ಲ, ಪರವಾಗಿಲ್ವಾ?

ಹೊಸನಗರದ ಗೃಹಿಣಿ:
ಈಗ ತೋಟದವರೆಲ್ಲ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಸುವ ಗಡಿಬಿಡಿಯಲ್ಲಿರುತ್ತಾರೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೇಳಿ. ಸುಲಿಯೋಕೆ ಬರದವರಿಗೆ ಸಿಪ್ಪೆ ಎತ್ತಿ ಹಾಕುವ ಕೆಲಸ ಕೊಡುತ್ತಾರೆ. ಹಳೇ ಪ್ಯಾಂಟು ಹಾಕಿಕೊಂಡು ಹೋಗಿ, ಅಡಿಕೆ ಕಲೆ ಹೋಗಲ್ಲ.