ಅಪ್‌ಡೇಟ್: ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತಿದ್ದ ಹಳೇ ಸ್ವಿಫ್ಟ್

ಸೆಕೆಂಡ್ ಹ್ಯಾಂಡ್ ಸ್ವಿಫ್ಟ್‌ಗೆ ಬ್ರೇಕ್ ಪ್ಯಾಡ್ ಮಾತ್ರ ಸಾಕಾ, ಅದು ಒತ್ತಿ ಹಿಡಿಯುವ ಡಿಸ್ಕೂ ಬದಲಿಸಬೇಕಾ ಅಂತ ಇಲ್ಲಿ ಕೇಳಿದ್ದೆ. ಎರಡೂ ಬದಲಿಸಿದೆ. ಚಕ್ರ ಬಿಚ್ಚಿದಾಗ ಡಿಸ್ಕ್‌ನ ಹೊರ ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ಏಣು ಎದ್ದಿತ್ತು. ಮೈಕ್ರೋಮೀಟರ್ ಇಟ್ಟು ನೋಡಿದರೆ, ಡಿಸ್ಕ್ ಮೇಲೇ ಕೊರೆದಿರುವ ಕನಿಷ್ಠ ದಪ್ಪಕ್ಕಿಂತ ಕಡಿಮೆ. ಅಂಥದ್ದನ್ನು ಲೇತ್‌ಗೆ ಕೊಟ್ಟು ಹೆರೆಸಬೇಡಿ ಎಂದು ನೀವು ಹೇಳಿದ್ದು ಸರಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಡಿಸ್ಕ್ ಜೋಡಿಯನ್ನೇ ತೆಗೆದುಕೊಂಡೆ. ಒಂದೇ ಕಡೆ ಹೊಸದು ಹಾಕಿದರೆ ಗಾಡಿ ಪಕ್ಕಕ್ಕೆ ಎಳೆಯಬಹುದು ಅಲ್ವಾ. ಪ್ಯಾಡ್ ಕಂಪನಿಯದ್ದೇ, ನನ್ನ ಓಡಾಟಕ್ಕೆ ಸೆರಾಮಿಕ್ ಸುಮ್ನೆ ದುಬಾರಿ. ಮೆಕ್ಯಾನಿಕ್ ಅಣ್ಣ ಡಿಸ್ಕ್ ಕೂರುವ ಹಬ್‌ನ ತುಕ್ಕನ್ನು ವೈರ್ ಬ್ರಷ್‌ನಿಂದ ಚೆನ್ನಾಗಿ ಉಜ್ಜಿದರು. ಇದನ್ನು ಬಿಡಬೇಡಿ, ತುಕ್ಕು ಉಳಿದರೆ ಹೊಸ ಡಿಸ್ಕೂ ಓಲಾಡುತ್ತದೆ.

ಆಮೇಲೆ ಖಾಲಿ ರಸ್ತೆಯಲ್ಲಿ 60ರಿಂದ 20ರ ವೇಗಕ್ಕೆ ಹದವಾಗಿ ಹಲವು ಸಲ ಬ್ರೇಕ್ ಹಿಡಿದು ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳುವಂತೆ ಮಾಡಿದೆ. ನಡುಕ ಪೂರ್ತಿ ಹೋಗಿದೆ. ಎಲ್ಲರಿಗೂ ಥ್ಯಾಂಕ್ಸ್.