ಕಾಯಿಸಿದಾಗ ವಸ್ತು ಹಿಗ್ಗುವುದಕ್ಕೆ ಕಣಗಳ ಕಂಪನವೊಂದೇ ಕಾರಣವೇ?

ಪ್ರಶ್ನೆ

ಕಾಯಿಸಿದಾಗ ಕಣಗಳ ಕಂಪನ ಹೆಚ್ಚುತ್ತದೆ, ಆದ್ದರಿಂದ ವಸ್ತು ಹಿಗ್ಗುತ್ತದೆ ಎಂಬ ವಿವರಣೆಯನ್ನು ನಾವೆಲ್ಲ ಓದಿದ್ದೇವೆ. ಆದರೆ ಯೋಚಿಸಿದಷ್ಟೂ ಇದರಲ್ಲಿ ಒಂದು ಕೊಂಡಿ ಕಳಚಿದಂತೆ ತೋರುತ್ತದೆ. ಪರಮಾಣುವೊಂದು ತನ್ನ ಸ್ಥಾನದಿಂದ ಎಡಕ್ಕೆ ಎಷ್ಟು ಸರಿಯುತ್ತದೋ ಬಲಕ್ಕೂ ಅಷ್ಟೇ ಸರಿಯುವುದಾದರೆ, ಕಂಪನ ಎಷ್ಟೇ ಜೋರಾದರೂ ಅದರ ಸರಾಸರಿ ಸ್ಥಾನ ಬದಲಾಗಬಾರದು. ಹಾಗಿದ್ದ ಮೇಲೆ ಸರಳಿನ ಉದ್ದ ಹೆಚ್ಚುವುದು ಹೇಗೆ? ಇದೇ ಕಾರಣ ಅನಿಲಕ್ಕೂ ಅನ್ವಯಿಸುವುದಾದರೆ, ಘನವಸ್ತುಗಳು ಒಂದೊಂದೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವಾಗ ಅನಿಲಗಳು ಮಾತ್ರ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದೇಕೆ?

ಉತ್ತರ 1

ನಿಮ್ಮ ಅನುಮಾನ ಸರಿಯಾಗಿದೆ. ಎರಡೂ ಬದಿಗೆ ಸಮನಾಗಿ ನಡೆಯುವ ಕಂಪನದಿಂದ ಯಾವ ವಸ್ತುವೂ ಹಿಗ್ಗಲಾರದು. ಆದರೆ ಪರಮಾಣುಗಳ ನಡುವಿನ ಬಲ ಹಾಗೆ ಸಮನಾಗಿಲ್ಲ. ಎರಡು ಪರಮಾಣುಗಳನ್ನು ಸಹಜ ಅಂತರಕ್ಕಿಂತ ಹತ್ತಿರ ತಂದರೆ ವಿಕರ್ಷಣೆ, ಅಂದರೆ ಒಂದನ್ನೊಂದು ದೂರ ತಳ್ಳುವ ಬಲ, ಬಹು ಬೇಗ ಏರುತ್ತದೆ. ದೂರ ಎಳೆದರೆ, ಹಿಂದಕ್ಕೆ ಸೆಳೆಯುವ ಬಲ ಅಷ್ಟು ಬಿರುಸಾಗಿ ಏರದೆ ಕ್ರಮೇಣ ಸಡಿಲವಾಗುತ್ತದೆ. ಹೀಗಾಗಿ ಕಂಪನದ ಹರವು ಹೆಚ್ಚಿದಂತೆಲ್ಲ ಕಣ ಒಳಮುಖವಾಗಿ ಕಡಿಮೆ, ಹೊರಮುಖವಾಗಿ ಹೆಚ್ಚು ಚಲಿಸಿ, ಸರಾಸರಿ ಅಂತರವೇ ಬೆಳೆಯುತ್ತದೆ.

ಬಂಧ ಎಷ್ಟು ಬಿಗಿಯೋ ಹಿಗ್ಗುವಿಕೆ ಸಾಮಾನ್ಯವಾಗಿ ಅಷ್ಟು ಕಡಿಮೆ. ಬಂಧ ಬಿಗಿಯಾಗಿರುವುದರಿಂದ 3422 ಡಿಗ್ರಿ ಸೆಲ್ಸಿಯಸ್‌ವರೆಗೂ ಕರಗದ ಟಂಗ್‌ಸ್ಟನ್‌ನ ಒಂದು ಮೀಟರ್ ಸರಳನ್ನು 100 ಡಿಗ್ರಿಯಷ್ಟು ಕಾಯಿಸಿದರೆ ಅದು ಸುಮಾರು 0.45 ಮಿಲಿಮೀಟರ್ ಉದ್ದವಾಗುತ್ತದೆ. 327 ಡಿಗ್ರಿಗೇ ಕರಗುವ ಸೀಸದ ಸರಳು ಅಷ್ಟೇ ತಾಪಕ್ಕೆ 2.9 ಮಿಲಿಮೀಟರ್ ಬೆಳೆಯುತ್ತದೆ. ಉಕ್ಕು ಇವೆರಡರ ನಡುವೆ, 1.2 ಮಿಲಿಮೀಟರ್‌ನಷ್ಟು.

ಉತ್ತರ 2

ಮೇಲಿನ ವಿವರಣೆಯನ್ನು ಅನಿಲಕ್ಕೆ ಎಳೆದು ತರಬಾರದು. ಅಲ್ಲಿ ಕಾರಣವೇ ಬೇರೆ. ಅನಿಲದ ಅಣುಗಳು ಒಂದಕ್ಕೊಂದು ಬಹಳ ದೂರದಲ್ಲಿರುವುದರಿಂದ ಅವುಗಳ ನಡುವಿನ ಸೆಳೆತ ಲೆಕ್ಕಕ್ಕೆ ಬರುವುದೇ ಇಲ್ಲವೆನ್ನಬಹುದು. ಕಾಯಿಸಿದಾಗ ಅಣುಗಳ ವೇಗ ಹೆಚ್ಚಿ, ಅವು ಪಾತ್ರೆಯ ಗೋಡೆಗೆ ಹೆಚ್ಚು ಬಲದಿಂದ ಬಡಿಯುತ್ತವೆ; ಗೋಡೆ ಸರಿಯುವಂತಿದ್ದರೆ, ಒಳಗಿನ ಒತ್ತಡ ಹೊರಗಿನದಕ್ಕೆ ಸಮನಾಗುವವರೆಗೆ ಗಾತ್ರ ಬೆಳೆಯುತ್ತದೆ. ಬಂಧದ ಪಾತ್ರವೇ ಇಲ್ಲದ ಮೇಲೆ ಅಣು ಯಾವುದೆಂಬುದಕ್ಕೆ ಮಹತ್ವವೂ ಇರುವುದಿಲ್ಲ. ಫ್ರಾನ್ಸಿನ ವಿಜ್ಞಾನಿ ಗೇ-ಲುಸಾಕ್ 1802ರಲ್ಲಿ ಪ್ರಕಟಿಸಿದ್ದು ಇದನ್ನೇ: ಒತ್ತಡ ಬದಲಾಗದಿದ್ದರೆ ಅನಿಲಗಳೆಲ್ಲವೂ ಸಮಾನವಾಗಿ ಹಿಗ್ಗುತ್ತವೆ. ಈಗ ನಾವು ಬಳಸುವ ಪ್ರಮಾಣ, ಡಿಗ್ರಿಯೊಂದಕ್ಕೆ 0 ಡಿಗ್ರಿಯಲ್ಲಿನ ಗಾತ್ರದ ಸುಮಾರು 273ನೇ ಒಂದು ಭಾಗ. ‘ಒತ್ತಡ ಬದಲಾಗದಿದ್ದರೆ’ ಎಂಬ ಷರತ್ತನ್ನು ಬಹಳಷ್ಟು ಜನ ಬಿಟ್ಟುಬಿಡುತ್ತಾರೆ. ಗಟ್ಟಿ ಪಾತ್ರೆಯಲ್ಲಿ ಮುಚ್ಚಿಟ್ಟ ಅನಿಲ ಹಿಗ್ಗುವುದಿಲ್ಲ, ಅದರ ಒತ್ತಡ ಏರುತ್ತದೆ, ಅಷ್ಟೇ.

ವ್ಯತ್ಯಾಸದ ಅಳತೆಗಾಗಿ ಒಂದು ಲೆಕ್ಕ: ಒಂದು ಲೀಟರ್ ಗಾತ್ರದ ಉಕ್ಕು, ನೀರು ಮತ್ತು ಗಾಳಿಯನ್ನು 20ರಿಂದ 80 ಡಿಗ್ರಿಗೆ ಕಾಯಿಸಿದರೆ, ಉಕ್ಕು ಸುಮಾರು 2 ಮಿಲಿಲೀಟರ್, ನೀರು 27, ಗಾಳಿ 205 ಮಿಲಿಲೀಟರ್‌ನಷ್ಟು ಹಿಗ್ಗುತ್ತವೆ.

ಉತ್ತರ 3

ದ್ರವದ ವಿಷಯದಲ್ಲಿ ಒಂದು ಮಾತು ಸೇರಿಸಬೇಕು, ಏಕೆಂದರೆ ದ್ರವವನ್ನು ಪಾತ್ರೆಯಿಲ್ಲದೆ ಕಾಯಿಸಲು ಬರುವುದಿಲ್ಲ. ಗಾಜಿನ ಬುರುಡೆಗೆ ಬಣ್ಣದ ನೀರನ್ನು ತುಂಬಿ, ಬಿರಡೆಯ ಮೂಲಕ ಸಣ್ಣ ನಳಿಕೆಯೊಂದನ್ನು ನಿಲ್ಲಿಸಿ, ಬುರುಡೆಯನ್ನು ಥಟ್ಟನೆ ಬಿಸಿನೀರಿನಲ್ಲಿ ಮುಳುಗಿಸಿದರೆ, ನಳಿಕೆಯಲ್ಲಿನ ಮಟ್ಟ ಮೊದಲು ಕೆಳಗಿಳಿದು ಆಮೇಲೆ ಏರತೊಡಗುತ್ತದೆ. ಶಾಖ ಮೊದಲು ಗಾಜನ್ನು ಮುಟ್ಟಿ ಅದನ್ನು ಹಿಗ್ಗಿಸುವುದರಿಂದ, ಒಳಗಿನ ನೀರು ಬಿಸಿಯಾಗುವ ಮುನ್ನವೇ ಪಾತ್ರೆ ದೊಡ್ಡದಾಗಿರುತ್ತದೆ. ಆದ್ದರಿಂದ ನಾವು ಕಾಣುವುದು ದ್ರವದ ನಿಜವಾದ ಹಿಗ್ಗುವಿಕೆಯನ್ನಲ್ಲ, ಅದರಿಂದ ಪಾತ್ರೆಯ ಹಿಗ್ಗುವಿಕೆಯನ್ನು ಕಳೆದು ಉಳಿದದ್ದನ್ನು. ಪಾದರಸ ಡಿಗ್ರಿಗೆ ಹತ್ತು ಲಕ್ಷದಲ್ಲಿ 182 ಭಾಗ ಹಿಗ್ಗಿದರೆ ಸಾಮಾನ್ಯ ಗಾಜು ಸುಮಾರು 27 ಭಾಗ ಹಿಗ್ಗುತ್ತದೆ. ಉಷ್ಣಮಾಪಕ ತೋರಿಸುವುದು ಉಳಿದ 155 ಭಾಗವನ್ನು ಮಾತ್ರ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ 0ಯಿಂದ 4 ಡಿಗ್ರಿಯವರೆಗೆ ನೀರು ಕುಗ್ಗುವುದನ್ನು ಈ ಚೌಕಟ್ಟಿನಲ್ಲಿ ಹೇಗೆ ಹೊಂದಿಸುವುದು?

ಉತ್ತರ 1 ಬರೆದವರು

ಅಲ್ಲಿ ಎರಡು ಪರಿಣಾಮಗಳು ಪೈಪೋಟಿಗೆ ನಿಂತಿವೆ. ತಣ್ಣನೆಯ ನೀರಿನ ಅಣುಗಳು ಹೈಡ್ರೋಜನ್ ಬಂಧಗಳಿಂದಾಗಿ (ಒಂದು ಅಣುವಿನ ಹೈಡ್ರೋಜನ್ ಮತ್ತು ಪಕ್ಕದ ಅಣುವಿನ ಆಕ್ಸಿಜನ್ ನಡುವಿನ ಸೆಳೆತ) ಮಂಜುಗಡ್ಡೆಯನ್ನು ಹೋಲುವ, ನಡುವೆ ತೆರಪಿರುವ ಜೋಡಣೆಯನ್ನು ಭಾಗಶಃ ಉಳಿಸಿಕೊಂಡಿರುತ್ತವೆ. ಬಿಸಿಯಾದಂತೆ ಆ ಜೋಡಣೆ ಕುಸಿದು ಅಣುಗಳು ಒತ್ತಾಗಿ ಕೂರುತ್ತವೆ. 4 ಡಿಗ್ರಿಯವರೆಗೆ ಈ ಕುಸಿತದ್ದೇ ಮೇಲುಗೈ, ಆನಂತರ ಎಂದಿನ ಹಿಗ್ಗುವಿಕೆಯದು. ಘನವಸ್ತುಗಳಲ್ಲೂ ಇಂಥ ಅಪವಾದಗಳಿವೆ. ಜಿರ್ಕೋನಿಯಂ ಟಂಗ್‌ಸ್ಟೇಟ್ ಎಂಬ ಸಂಯುಕ್ತದಲ್ಲಿ ಎರಡು ಲೋಹದ ಪರಮಾಣುಗಳ ನಡುವೆ ಸಿಕ್ಕಿಕೊಂಡ ಆಕ್ಸಿಜನ್ ಅಡ್ಡಡ್ಡವಾಗಿ ಕಂಪಿಸಿ ಆ ಎರಡನ್ನೂ ತನ್ನತ್ತ ಎಳೆಯುವುದರಿಂದ, ಕಾಯಿಸಿದಷ್ಟೂ ಅದು ಕುಗ್ಗುತ್ತದೆ.