ಬಾವಲಿ ಬಿಸ್ಕತ್ತಿನ ರೆಕ್ಕೆಗಳು ಹರಡದಂತೆ ಬೇಯಿಸುವುದು ಹೇಗೆ?

ಪ್ರಶ್ನೆ, ಡೊಂಬಿವಿಲಿಯಿಂದ: ಅಕ್ಟೋಬರ್ 31ರ ಹ್ಯಾಲೋವೀನ್‌ಗೆಂದು ಮಕ್ಕಳೊಡನೆ ಭೂತ, ಬಾವಲಿಗಳ ಆಕಾರದ ಬಿಸ್ಕತ್ತು ಮಾಡಿದೆ, ಇಲ್ಲಿಯ ಸೆಕೆಗೆ ಹಿಟ್ಟು ಮೆತ್ತಗಾಗಿ, ಓವನ್ನಿನಲ್ಲಿ ರೆಕ್ಕೆಗಳೆಲ್ಲ ಹರಡಿಹೋದವು. ಮಗಳು ಬಹಳ ಬೇಸರಪಟ್ಟಳು. ಪರಿಹಾರವೇನು?

ಉತ್ತರ, ಮಾಟುಂಗಾದಿಂದ: ಬೆಣ್ಣೆ ಬೇಗ ಕರಗಿದ್ದೇ ಕಾರಣ. ಲಟ್ಟಿಸಿ ಕತ್ತರಿಸಿದ ಆಕಾರಗಳನ್ನು ತಟ್ಟೆಯ ಸಮೇತ 20 ನಿಮಿಷ ಫ್ರಿಜ್ಜಿನಲ್ಲಿಟ್ಟು, ಮೊದಲೇ 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಓವನ್ನಿಗೆ ನೇರವಾಗಿ ಸೇರಿಸಿದರೆ, ಬೆಣ್ಣೆ ಪೂರ್ತಿ ಕರಗಿ ಹರಿಯುವ ಮುನ್ನವೇ ಅಂಚುಗಳು ಗಟ್ಟಿಯಾಗತೊಡಗುತ್ತವೆ. ಹಿಟ್ಟಿಗೆ ಬೇಕಿಂಗ್ ಪೌಡರ್ ಹಾಕಿದ್ದರೆ ಅದನ್ನೂ ಬಿಟ್ಟುಬಿಡಿ.

ಉತ್ತರ, ಪುಣೆಯಿಂದ: ಬಿಸ್ಕತ್ತು ಸಂಪೂರ್ಣವಾಗಿ ಆರಿದ ಮೇಲೆಯೇ ಐಸಿಂಗ್ ಹಚ್ಚಿರಿ. ತಿನ್ನುವವರು ಚಿಕ್ಕ ಮಕ್ಕಳಾದ್ದರಿಂದ, ಹಸಿ ಮೊಟ್ಟೆಯ ಬಿಳಿಯ ಬದಲು ಐಸಿಂಗ್ ಸಕ್ಕರೆಗೆ ಸ್ವಲ್ಪ ಹಾಲು ಬೆರೆಸುವುದೇ ಲೇಸು. ಬಾವಲಿಯ ಐಸಿಂಗ್‌ಗೆ ಮೊದಲು ಕೋಕೋ ಪುಡಿ ಸೇರಿಸಿದರೆ ಸ್ವಲ್ಪವೇ ಕಪ್ಪು ಬಣ್ಣ ಸಾಕಾಗುತ್ತದೆ. ಕಣ್ಣುಗಳನ್ನು ಮಗಳೇ ಇಡಲಿ.